ಖಾಲಿ ಅಂಕಣದಲ್ಲಿ ಗಂಟೆಯಕ್ಕನ ದನಿ

ಬೆಳಗಾಗಿದೆ ಎಂಬ ಸುದ್ದಿ ಈ ಒಳಾಂಗಣ ಕ್ರೀಡಾಂಗಣಕ್ಕೆ ತಲುಪುವುದೇ ಇಲ್ಲ. ಕಿಟಕಿಯಿಲ್ಲದ ಕಟ್ಟಡ. ಹೊರಗೆ ಬೀದಿದೀಪಗಳು ಆರಿ, ಪತ್ರಿಕೆ ಹಾಕುವವರ ಸೈಕಲ್ಲುಗಳು ಓಡಾಡತೊಡಗಿದರೂ ಒಳಗೆ ಅದೇ ಕತ್ತಲು. ನಟ್ಟನಡುವೆ ನಾಲ್ಕಾರು ದೀಪಗಳ ಕೆಳಗೆ ನೀಲಿ ಟೆನಿಸ್ ಅಂಕಣ ಮಾತ್ರ ಕಾಣುತ್ತದೆ, ಬಾವಿಯ ತಳದ ನೀರಿನ ಹಾಗೆ. ಸುತ್ತ ಕಪ್ಪು ಪರದೆ. ಪರದೆಯಾಚೆ ಮೇಲೇರುತ್ತ ಹೋಗುವ ಕುರ್ಚಿಗಳು, ಒಂದರಲ್ಲೂ ಜನವಿಲ್ಲ. ಕತ್ತಿಗೆ ಬೂದುಬಣ್ಣದ ಸ್ಕಾರ್ಫ್ ಸುತ್ತಿಕೊಂಡ ಹೆಂಗಸೊಬ್ಬರು ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಗಲವಾದ ಮಾಪು ತಳ್ಳಿಕೊಂಡು ಹೋಗುತ್ತಿದ್ದಾರೆ. ಚೆಂಡಿನಿಂದ ಉದುರಿದ ಹಳದಿ ನವಿರು ಮಾಪಿನ ಮುಂದೆ ಸುರುಳಿಯಾಗಿ ಉರುಳುತ್ತಿದೆ.

"ಔಟ್!"

ಹೆಣ್ಣುದನಿ. ಖಡಕ್ಕಾಗಿ, ಗಾಜು ಸೀಳುವಂತೆ. ಆಟಗಾರ್ತಿ ಇಲ್ಲ, ಚೆಂಡಿಲ್ಲ, ಅಂಪೈರ್ ಕುರ್ಚಿ ಖಾಲಿ. ಬಾಗಿಲ ಬಳಿ ಚಹಾ ಬಗ್ಗಿಸಿಕೊಳ್ಳುತ್ತಿದ್ದ ಹೊಸ ಕಾವಲುಗಾರನ ಕೈಯಿಂದ ಫ್ಲಾಸ್ಕಿನ ಮುಚ್ಚಳ ಜಾರಿ ಮೆಟ್ಟಿಲಿಳಿದು ಉರುಳಿತು. ಮಾಪು ತಳ್ಳುತ್ತಿದ್ದವರು ನಿಲ್ಲಲಿಲ್ಲ. ಆ ಸಾಲು ಮುಗಿಸಿ, ಏಪ್ರನ್ನಿನ ಜೇಬಿನಿಂದ ಸಣ್ಣ ಟಾರ್ಚಿನಂಥ ಸಾಧನವೊಂದನ್ನು ತೆಗೆದು, ಸ್ಕಾರ್ಫ್ ಸರಿಸಿ ಕತ್ತಿಗೆ ಒತ್ತಿ ಹಿಡಿದರು. ಜೇನುಹುಳು ಡಬ್ಬಿಯೊಳಗಿಂದ ಮಾತಾಡಿದಂಥ, ಏರಿಳಿತವಿಲ್ಲದ ದನಿ ಹೊರಟಿತು.

"ಹೆದರ್ಕೋಬೇಡಪ್ಪಾ. ಅದು ನಾನೇ."

ಕಾವಲುಗಾರ ಮೊದಲ ದನಿಗಿಂತ ಈ ಎರಡನೆಯ ದನಿಗೇ ಹೆಚ್ಚು ಬೆಚ್ಚಿಬಿದ್ದ.

ಇವರು ಗಂಟೆಯಕ್ಕ. ವರ್ಷಕ್ಕೊಮ್ಮೆ ಇಲ್ಲಿ ನಡೆಯುವ ಮಹಿಳೆಯರ ವೃತ್ತಿಪರ ಟೆನಿಸ್ ಟೂರ್ನಿಯಲ್ಲಿ ಅಂಕಣ ಒರೆಸುವುದು, ನೆಟ್ಟಿನ ಎತ್ತರ ಅಳೆದು ಪಟ್ಟಿ ಬಿಗಿಯುವುದು, ಗೆರೆಗಳ ಮೇಲಿನ ಶೂ ಕಲೆಗಳನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುವುದು, ಪಂದ್ಯದ ಹೊತ್ತಿಗೆ ಆಟಗಾರ್ತಿಯರ ಟವೆಲು ಹಿಡಿದು ಮೂಲೆಯಲ್ಲಿ ನಿಲ್ಲುವುದು ಇವರ ಕೆಲಸ. ದೇಶದೇಶಗಳಿಂದ ಬಂದ ಆಟಗಾರ್ತಿಯರು ಇವರತ್ತ ನೋಡದೆಯೇ ಟವೆಲು ಕಸಿದುಕೊಂಡು, ನೋಡದೆಯೇ ಎಸೆದು ಹೋಗುತ್ತಾರೆ. ಆದರೆ ಆ ವಾರವಿಡೀ ಅವರೆಲ್ಲರೂ ಕಿವಿ ನಿಮಿರಿಸಿಕೊಂಡು ಕಾಯುವುದು ಇವರ ದನಿಗೇ. ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬುದನ್ನು ಈಗ ಇಲ್ಲಿ ಮನುಷ್ಯರು ಹೇಳುವುದಿಲ್ಲ, ಛಾವಣಿಯ ಕ್ಯಾಮೆರಾಗಳು ಹೇಳುತ್ತವೆ. ಕ್ಯಾಮೆರಾಗಳಿಗೆ ಬಾಯಿಲ್ಲವಲ್ಲ, ಅವು ಗಂಟೆಯಕ್ಕನ ಬಾಯಲ್ಲಿ ಕೂಗುತ್ತವೆ.

ಗಂಟೆಯಕ್ಕನಿಗೆ ಆ ಹೆಸರು ಬಂದದ್ದು ಬಸ್ಸಿನಲ್ಲಿ. ಹರೆಯದಲ್ಲಿ ಅವರು ಸಿಟಿ ಬಸ್ಸಿನ ಕಂಡಕ್ಟರ್. ಅವರ ಬಸ್ಸಿನ ಗಂಟೆ ಕೆಟ್ಟು ಎಷ್ಟೋ ದಿನವಾದರೂ ಡ್ರೈವರಿಗೆ ಅದು ಗೊತ್ತೇ ಆಗಿರಲಿಲ್ಲವಂತೆ. ಹಿಂದಿನ ಬಾಗಿಲಿನಿಂದ ಇವರು "ರೈಟ್" ಎಂದರೆ ಪಕ್ಕದ ಬಸ್ಸೂ ಹೊರಡುತ್ತಿತ್ತು ಎಂದು ಹಳೆಯ ಸಹೋದ್ಯೋಗಿಗಳು ಇಂದಿಗೂ ನಗೆಯಾಡುತ್ತಾರೆ. ಆ ಬಸ್ಸಿನಲ್ಲಿ ದಿನಾ ಬರುತ್ತಿದ್ದ ಟೆನಿಸ್ ಅಂಪೈರೊಬ್ಬರು ಒಂದು ದಿನ, "ಇಂಥಾ ಗಂಟಲು, ಇಂಥಾ ಕಣ್ಣು ಇಟ್ಕೊಂಡು ಟಿಕೆಟ್ ಹರೀತಾ ಕೂತಿದ್ದೀಯಲ್ಲಮ್ಮ" ಎಂದು ಬೈದೇ ಕರೆದುಕೊಂಡು ಹೋದರು. ಹಾಗೆ ಅವರು ಗೆರೆ ಕಾಯುವವರಾದರು. ಬಗ್ಗಿ, ಮೊಣಕಾಲ ಮೇಲೆ ಕೈಯೂರಿ, ರೆಪ್ಪೆ ಬಡಿಯದೆ ಗೆರೆ ನೋಡುವುದು. ಚೆಂಡು ಹೊರಬಿದ್ದರೆ ಕೂಗಿ, ತೋಳು ಚಾಚುವುದು.

"ಅಷ್ಟೇ ಕೆಲ್ಸ," ಎನ್ನುತ್ತಾರೆ ಗಂಟೆಯಕ್ಕ. "ಆದ್ರೆ ಆ ಒಂದು ಕ್ಷಣ ಇಡೀ ಸ್ಟೇಡಿಯಂ ನನ್ನ ಬಾಯಿ ನೋಡ್ತಿತ್ತು. ಮನೇಲಿ ಯಾರು ನೋಡ್ತಾರೆ ಹೇಳಿ?"

ಯಂತ್ರ ಬರುವ ಹಿಂದಿನ ವರ್ಷ ಅವರನ್ನು ಗೋಡೆಗೆಲ್ಲ ದಪ್ಪ ಸ್ಪಂಜು ಅಂಟಿಸಿದ ಕೋಣೆಯೊಂದಕ್ಕೆ ಕರೆದರು. ಚೆಂಡು ಮಾರು ದೂರ ಬಿದ್ದರೆ ಹೇಗೆ ಕೂಗುತ್ತೀರಿ, ಗೇಣು ದೂರ ಬಿದ್ದರೆ ಹೇಗೆ, ಕೂದಲೆಳೆಯಷ್ಟು ಆಚೆ ಬಿದ್ದರೆ ಹೇಗೆ, ಒಂದೊಂದನ್ನೂ ಕೂಗಿ ತೋರಿಸಿ ಎಂದರು. ಕೂಗಿದರು. ಮುದ್ರಿಸಿಕೊಂಡವರು ಅಂಪೈರುಗಳಿಗೆ ನೆರವಾಗಲೆಂದು ಇದು ಎಂದಿದ್ದರು. ಮುಂದಿನ ವರ್ಷ ಹೋಗಿ ನೋಡಿದರೆ ಗೆರೆ ಕಾಯುವವರ ಕುರ್ಚಿಗಳೇ ಇರಲಿಲ್ಲ. ಕುರ್ಚಿ ಇದ್ದ ಜಾಗದಲ್ಲಿ ಹೂಕುಂಡ ಇಟ್ಟಿದ್ದರು.

ಅದಾದ ಮೇಲೆ ಗಂಟಲು ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡು ಬಿಸಿನೀರು ಕುಡಿದದ್ದೇ ಕುಡಿದದ್ದು. ಡಾಕ್ಟರು ಕನ್ನಡಿ ಇಟ್ಟು ನೋಡಿ, ಗೆಡ್ಡೆಯಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಗ ಮಗಳು ತುಂಬು ಬಸುರಿ. "ಅಮ್ಮಾ, ಏನಾದ್ರೂ ಮಾತಾಡು, ಫೋನಲ್ಲಿ ಇಟ್ಕೊಳ್ತೀನಿ" ಎಂದು ಅವಳು ಆಸ್ಪತ್ರೆಯ ಮಂಚದ ಪಕ್ಕ ಕೂತು ಗೋಗರೆದಳು. ತಾಯಿ ಕೈ ಝಾಡಿಸಿ, "ನಾನೇನ್ ಸಾಯೋಕೆ ಹೋಗ್ತಿದ್ದೀನಾ?" ಎಂದು ಗದರಿದರು. ಮನೆಯಲ್ಲಿ ಅವರ ಮಾತು ಎಲ್ಲೂ ಉಳಿದಿಲ್ಲ. ಸಮಾರಂಭಗಳ ವಿಡಿಯೊಗಳಲ್ಲಿ ಅವರು ದೂರದಲ್ಲಿ ಬಾಯಾಡಿಸುತ್ತಾರೆ, ಮೇಲೆ ಬ್ಯಾಂಡಿನ ಸದ್ದು.

ಕೊನೆಯದಾಗಿ ಆಡಿದ ಮಾತು ಯಾವುದು ಎಂದು ಕೇಳಿದರೆ ಗಂಟೆಯಕ್ಕ ನಗುತ್ತಾರೆ. ಅವರ ನಗುವಿಗೆ ಸದ್ದಿಲ್ಲ. ಭುಜ ಕುಲುಕುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. "ನನ್ನ ಚಪ್ಪಲಿ ಎಲ್ಲಿಟ್ರಿ ಅಂತ ಆಪರೇಷನ್ ಕೋಣೆ ನರ್ಸಮ್ಮನ್ನ ಕೇಳಿದ್ದೆ. ಅದೇ ಕೊನೆ. ಏನಾದ್ರೂ ದೊಡ್ಡದು ಹೇಳ್ಬಹುದಿತ್ತು."

ಚೇತರಿಸಿಕೊಂಡ ಮೇಲೆ ಟೂರ್ನಿಯ ಮೇಲ್ವಿಚಾರಕಿ ಹಳೆಯ ಪರಿಚಯದಿಂದ ಈ ಕೆಲಸ ಕೊಡಿಸಿದರು. ಮೊದಲ ದಿನ ಅವರು ಟವೆಲುಗಳ ಗಾಡಿ ತಳ್ಳಿಕೊಂಡು ಓಣಿಯಲ್ಲಿ ಬರುತ್ತಿದ್ದಾಗ ಪರದೆಯಾಚೆಯಿಂದ ದನಿ ಕೇಳಿತು. ಗಾಡಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಯಾರೋ ನನ್ನ ಬಟ್ಟೆ ಹಾಕ್ಕೊಂಡು, ನನ್ನ ಮನೆ ಬಾಗ್ಲು ತೆಗೆದು, ಯಾರ್ ಬೇಕು ಅಂತ ನನ್ನನ್ನೇ ಕೇಳಿದ ಹಾಗಾಯ್ತು," ಎಂದು ಅವರು ನೆನೆಯುತ್ತಾರೆ. ಆ ದನಿಗೆ ವಯಸ್ಸಾಗುವುದಿಲ್ಲ, ಕೆಮ್ಮು ಬರುವುದಿಲ್ಲ. ಅದು ಕೂಗಿದಾಗಲೆಲ್ಲ ಗಂಟೆಯಕ್ಕನ ಬಲದೋಳು ತಾನಾಗಿಯೇ ಮೇಲೇಳುತ್ತಿತ್ತು, ಟವೆಲು ಸಮೇತ. ಜನ ನಕ್ಕರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ ಎಂದು ಮೇಲ್ವಿಚಾರಕಿ ಮೆಲ್ಲಗೆ ಹೇಳಿದರು. ಈಗ ಹಾಗೆಯೇ ನಿಲ್ಲುತ್ತಾರೆ. ಎಡಗೈ ಬಲಗೈಯನ್ನು ಹಿಡಿದುಕೊಂಡಿರುತ್ತದೆ.

ಒಮ್ಮೆ ಸೋಲುತ್ತಿದ್ದ ಆಟಗಾರ್ತಿಯೊಬ್ಬಳು ಸ್ಪೀಕರಿನತ್ತ ರಾಕೆಟ್ ತೋರಿಸಿ, "ಸುಳ್ಳಿ! ಕಣ್ಣು ಕಾಣಲ್ವಾ ನಿಂಗೆ?" ಎಂದು ಕಿರುಚಿದ್ದಳು. ಅವಳಿಂದ ಕೈಯಳತೆಯಲ್ಲಿ ನಿಂತಿದ್ದ ಗಂಟೆಯಕ್ಕ ತಲೆ ತಗ್ಗಿಸಿದರು. ಬೈಗುಳ ಬಿದ್ದದ್ದು ಯಂತ್ರಕ್ಕೋ ತನಗೋ ಎಂದು ಅವತ್ತಿಡೀ ತಿಳಿಯಲಿಲ್ಲ.

ಬೆಳಗಿನ ಹೊತ್ತು ಖಾಲಿ ಅಂಕಣದಲ್ಲಿ ದನಿ ಕೇಳುವುದಕ್ಕೆ ಕಾರಣವಿದೆ. ತಂತ್ರಜ್ಞ ಯಂತ್ರವನ್ನು ಬೇಗನೆ ಚಾಲು ಮಾಡಿಟ್ಟು ತಿಂಡಿಗೆ ಹೋಗುತ್ತಾನೆ. ಉರುಳುವ ನವಿರಿನ ಉಂಡೆಯನ್ನೋ ದೀಪದ ಮಿಣುಕನ್ನೋ ಕ್ಯಾಮೆರಾ ಚೆಂಡೆಂದು ಬಗೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಈ ವರ್ಷದ ಟೂರ್ನಿಯ ನಡುವೆ, ಬುಧವಾರ ಬೆಳಿಗ್ಗೆ ಕೇಳಿಸಿದ್ದು ಬೇರೆ.

ಗಂಟೆಯಕ್ಕ ಹಿಂಬದಿಯ ಗೆರೆಯ ಬಳಿ ಮೊಣಕಾಲೂರಿ ಕಲೆ ಉಜ್ಜುತ್ತಿದ್ದರು. ತಲೆಯ ಮೇಲಿನ ಸ್ಪೀಕರಿನಿಂದ ಮೆಲ್ಲಗೆ, ಮಲಗಿದ ಮಗು ಎದ್ದೀತೆಂಬಷ್ಟು ಮೆಲ್ಲಗೆ, "ಔಟ್" ಎಂದಿತು. ಅವರು ಕೈ ನಿಲ್ಲಿಸಿದರು. ಮತ್ತೊಮ್ಮೆ, "ಔಟ್." ಈ ಸಲ ಕೊನೆಯಲ್ಲಿ ಉಸಿರೂ ಕೇಳಿಸಿತು. ತಿರುಗಿ ನೋಡಿದರೆ ಕಾವಲುಗಾರ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ.

"ಅಕ್ಕಾ, ಈಗ್ಲೂ ನೀವೇನಾ?" ಎಂದ.

ಗಂಟೆಯಕ್ಕ ಒದ್ದೆ ಬಟ್ಟೆ ಕೆಳಗಿಟ್ಟು ಸ್ಪೀಕರಿನತ್ತ ಕತ್ತೆತ್ತಿದರು.

ತಂತ್ರಜ್ಞ ಬಂದವನು ಮೊದಲು ನಕ್ಕ. ಯಂತ್ರದಲ್ಲಿ ತುಂಬಿರುವುದು ಮೂರೇ ಬಗೆಯ ಕೂಗು. ಜೋರು, ಇನ್ನೂ ಜೋರು, ಕಿರುಚು. ಮೆತ್ತನೆಯದು ಇಲ್ಲವೇ ಇಲ್ಲ ಎಂದ. ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ಕೂತು ಹುಡುಕಿದ. ಅವತ್ತಿನ ಕೂಗುಗಳ ದಾಖಲೆಯಲ್ಲಿ ಆ ಹೊತ್ತಿಗೆ ಏನೂ ಇಲ್ಲ. ಸ್ಪೀಕರುಗಳನ್ನು ಬಿಚ್ಚಿ ನೋಡಿದ, ಕೆಟ್ಟಿರಲಿಲ್ಲ. ಅವನ ನಗು ಇಳಿಯಿತು. ಕೊನೆಗೆ, ಮೂಲ ಧ್ವನಿಮುದ್ರಣವನ್ನೇ ಕೇಳಿಬಿಡೋಣ ಎಂದು ಸ್ಪಂಜಿನ ಕೋಣೆಯವರಿಗೆ ಫೋನು ಹಚ್ಚಿದ. ಅವರು ಅದನ್ನು ಅಳಿಸಿರಲಿಲ್ಲ. ಹಾಗೆ ನೋಡಿದರೆ, ಈ ವಾರ ಮುಗಿದ ಮೇಲೆ ಅಳಿಸುವವರಿದ್ದರು. ಮುಂದಿನ ವರ್ಷಕ್ಕೆ ಹೊಸ ಯಂತ್ರ ಬರುತ್ತದೆ, ಹೊಸ ಹುಡುಗಿಯ ದನಿ ತುಂಬುತ್ತಾರೆ. ಈ ಸುದ್ದಿ ಗಂಟೆಯಕ್ಕನಿಗೆ ತಿಳಿದದ್ದೂ ಹೀಗೆ, ಮಾತಿನ ನಡುವೆ.

ಗುರುವಾರ ತಂತ್ರಜ್ಞ ಅವರನ್ನು ತನ್ನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ. ಕೂಗು, ಕೂಗು, ಕೂಗು. ಕೂಗುಗಳ ನಡುವೆ, ಯಾರಿಗೂ ಬೇಡವೆಂದು ಕತ್ತರಿಸಿ ಬಿಟ್ಟ ಭಾಗದಲ್ಲಿ, ಅದು ಸಿಕ್ಕಿತು. ಅಭ್ಯಾಸಕ್ಕೆಂದು ತಮ್ಮಷ್ಟಕ್ಕೆ ತಾವು ಹೇಳಿಕೊಂಡ ಮೆತ್ತನೆಯ "ಔಟ್", ಕೊನೆಯಲ್ಲಿ ಉಸಿರು. ಕಾವಲುಗಾರನಿಗೂ ಕೇಳಿಸಿದರು. ಅವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, "ಇದೇ" ಎಂದು ಹೊರಗೆ ನಡೆದುಬಿಟ್ಟ.

"ಇದು ಇಷ್ಟು ವರ್ಷ ಈ ಕಟ್ಟಡದೊಳಗೇ ಇರ್ಲಿಲ್ಲ ಅಕ್ಕಾ," ಎಂದ ತಂತ್ರಜ್ಞ. "ನಿನ್ನೆ ರಾತ್ರಿ ನನ್ ಕೈಗೆ ಬಂದಿದ್ದು. ನೀವು ಬುಧವಾರ ಬೆಳಿಗ್ಗೆ ಹೇಗೆ ಕೇಳಿಸ್ಕೊಂಡ್ರೋ ನನಗೆ ಗೊತ್ತಿಲ್ಲ. ನನ್ನನ್ನ ಕೇಳ್ಬೇಡಿ."

ಗಂಟೆಯಕ್ಕ ಕೇಳಲಿಲ್ಲ. ಅವರ ಜೀವ ಬೇರೆಲ್ಲೋ ಸಿಕ್ಕಿಕೊಂಡಿತ್ತು. ಆ ಬೇಡದ ಭಾಗದಲ್ಲಿ ಕೂಗುಗಳಲ್ಲದೆ ಮಾತೂ ಇತ್ತು.

ಶುಕ್ರವಾರ ಮಗಳು ಐದು ವರ್ಷದ ಮೊಮ್ಮಗಳನ್ನು ಕಟ್ಟಿಕೊಂಡು ಬಂದಳು. ತಂತ್ರಜ್ಞ ಕೋಣೆಯ ಬಾಗಿಲು ಹಾಕಿ, ಸಣ್ಣ ಸ್ಪೀಕರಿನಲ್ಲಿ ಹಚ್ಚಿದ. "ಒಂಚೂರು ನೀರು ಕೊಡ್ರೀ," ಎಂದಿತು ದನಿ. "ಇದೇನ್ ಕೋಣೆನಪ್ಪಾ, ಹತ್ತಿ ಮೂಟೆ ಒಳಗೆ ಕೂತ ಹಾಗಿದೆ. ಬಸ್ಸಲ್ಲಿ ಹೀಗೆ ಕೂಗಿದ್ದಿದ್ರೆ ಜನ ಕಿಟಕಿಯಿಂದ ಹಾರ್ಕೊಂಡು ಹೋಗ್ತಿದ್ರು." ಆಮೇಲೆ ನಗು. ಸದ್ದಿರುವ, ಗಂಟಲು ತುಂಬಿದ ನಗು. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಷ್ಟು ವರ್ಷ ಅವಳ ತಲೆಯೊಳಗೆ ಉಳಿದಿದ್ದ ಅಮ್ಮನ ನಗು ಸವೆದು ಸವೆದು ಬೇರೆಯೇ ಆಗಿಹೋಗಿತ್ತಂತೆ. ನಿಜವಾದದ್ದು ಅದಕ್ಕಿಂತ ಒರಟು, ಅದಕ್ಕಿಂತ ಚಂದ.

ಮೊಮ್ಮಗಳು ಮಾತ್ರ ಗೋಡೆಯತ್ತ ಸರಿದಳು. "ಯಾರಮ್ಮಾ ಅದು?"

"ಅಜ್ಜಿ ಕಣೇ."

"ಅಲ್ಲ." ಮಗು ಅಜ್ಜಿಯ ಏಪ್ರನ್ ಹಿಡಿದುಕೊಂಡು ಸ್ಪೀಕರನ್ನೇ ದಿಟ್ಟಿಸಿತು. "ಅಜ್ಜಿ ಗುಂಯ್ ಅಂತಾಳೆ. ಇವಳು ಯಾರೋ ಅಜ್ಜಿ ಥರ ನಾಟ್ಕ ಆಡ್ತಿದ್ದಾಳೆ. ಹೊರಗೆ ಕಳಿಸು ಅವಳನ್ನ."

ಗಂಟೆಯಕ್ಕ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು, ಸಾಧನವನ್ನು ಕತ್ತಿಗೊತ್ತಿ, "ಹೋಗ್ತಾಳೆ ಬಿಡು, ಭಾನುವಾರ ಹೋಗ್ತಾಳೆ" ಎಂದರು. ಆ ಗುಂಯ್‌ಗುಡುವ ದನಿ ಕೇಳಿದ ಮೇಲೆ ಮಗು ತೆಪ್ಪಗಾಯಿತು.

ಮುದ್ರಣ ಓಡುತ್ತಿತ್ತು. ಮಗಳು ಸ್ಪೀಕರಿಗೆ ಕಿವಿಯಿಟ್ಟು ಏನನ್ನೋ ಹುಡುಕುತ್ತಿದ್ದಳು. ಅವಳನ್ನು ತಾಯಿ ಕರೆಯುತ್ತಿದ್ದದ್ದು "ಪುಟ್ಟೀ" ಎಂದು, ಕೊನೆಯ ಅಕ್ಷರ ಎಳೆದು. ಎಲ್ಲಾದರೂ ಒಂದು ಕಡೆ ಅದು ಬಂದೀತೇ ಎಂದು. ನೀರಿನ ಮಾತು ಬಂತು, ಊಟದ ಮಾತು ಬಂತು, ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಫೋನಿನ ರಿಂಗು. ಗಂಟೆಯಕ್ಕನ ದನಿ, ತುಸು ಸಿಡುಕಿ: "ಮಗಳದ್ದು ಫೋನು. ಇವಳಿಗೊಂದು ಹೊತ್ತು ಗೊತ್ತಿಲ್ಲ. ಇರ್ಲಿ, ಆಮೇಲೆ ಮಾತಾಡ್ತೀನಿ, ನೀವು ನಡೆಸಿ." ರಿಂಗು ಅರ್ಧಕ್ಕೆ ನಿಂತಿತು. ಮತ್ತೆ "ಔಟ್".

ಮುದ್ರಣ ಅಲ್ಲಿಗೆ ಮುಗಿಯಿತು. "ಎತ್ತಿದ್ರೆ ನೀನು ಪುಟ್ಟೀ ಅಂತಿದ್ದೆ, ಅಲ್ವಾಮ್ಮ" ಎಂದಳು ಮಗಳು. ಗಂಟೆಯಕ್ಕ ತಲೆಯಾಡಿಸಿದರು. ಸಾಧನ ಕೈಯಲ್ಲೇ ಇತ್ತು, ಕತ್ತಿಗೆ ಹಿಡಿಯಲಿಲ್ಲ. ಆ ದನಿಯಲ್ಲಿ ಪುಟ್ಟೀ ಎಂದು ಎಳೆಯುವುದು ಆಗುವುದಿಲ್ಲ, ಅಕ್ಷರ ಅಲ್ಲಲ್ಲೇ ಕತ್ತರಿಸಿ ಬೀಳುತ್ತದೆ. ತಂತ್ರಜ್ಞ ಮುದ್ರಣದ ಪ್ರತಿಯೊಂದನ್ನು ಮಗಳ ಫೋನಿಗೆ ಹಾಕಿಕೊಟ್ಟ. ಅವಳು ಅದನ್ನು ದಿನಾ ಕೇಳುತ್ತಾಳೆ. ಅದರಲ್ಲಿ ಫೋನು ರಿಂಗಾಗುವ ಮುಂಚೆ ನಿಲ್ಲಿಸಿಬಿಡುತ್ತಾಳೆ.

ಭಾನುವಾರ ಫೈನಲ್. ಅಂದು ಬೆಳಿಗ್ಗೆ ಕೆಲಸ ಮುಗಿಸಿದ ಗಂಟೆಯಕ್ಕ ಎಂದಿನಂತೆ ಹೊರಡದೆ, ತಾವು ಬಗ್ಗಿ ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತರು. ಹವಾನಿಯಂತ್ರಕ ದೊಡ್ಡ ಪ್ರಾಣಿಯ ಉಸಿರಿನಂತೆ ಆಡುತ್ತಿತ್ತು, ಕಪ್ಪು ಪರದೆ ಒಳಕ್ಕೂ ಹೊರಕ್ಕೂ ಸಣ್ಣಗೆ ತೂಗುತ್ತಿತ್ತು. ಕತ್ತಿಗೆ ಸಾಧನ ಒತ್ತಿ, ಛಾವಣಿಯತ್ತ ಮುಖ ಮಾಡಿ ಕೇಳಿದರು: "ಏನಮ್ಮಾ? ಏನ್ ಬೇಕು ನಿಂಗೆ?"

"ಉತ್ರ ಬರ್ಲಿಲ್ಲ," ಎನ್ನುತ್ತಾರೆ. "ಬಂದಿದ್ರೆ ಇವತ್ತು ಹೀಗೆ ಕೂತು ಮಾತಾಡ್ತಿರ್ಲಿಲ್ಲ ಬಿಡಿ."

ಪಂದ್ಯ ಮೂರನೆಯ ಸೆಟ್ಟಿಗೆ ಹೋಯಿತು. ಜನ ಮೆಚ್ಚಿದ ಆಟಗಾರ್ತಿ ಒಂದು ಅಂಕ ಕಳೆದುಕೊಂಡರೆ ಮುಗಿಯಿತು ಎನ್ನುವ ಘಟ್ಟ. ಅವಳು ಓಡುತ್ತಲೇ ಹೊಡೆದ ಚೆಂಡು ಗಂಟೆಯಕ್ಕನ ಮುಂದೆಯೇ, ಗೆರೆಯ ಬಳಿ ಬಿತ್ತು. ಅವರ ಕಣ್ಣಿಗೆ ನವಿರಿನಷ್ಟು ಆಚೆ. ಗಂಟಲಿಲ್ಲದ ಜಾಗದಲ್ಲಿ, ಸ್ಕಾರ್ಫಿನ ಕೆಳಗೆ, ಏನೋ ಡವಗುಟ್ಟಿತು.

"ಔಟ್!" ಕಿರುಚು. ಕೂದಲೆಳೆಗೆಂದು ಸ್ಪಂಜಿನ ಕೋಣೆಯಲ್ಲಿ ಜೀವ ಹೋಗುವಂತೆ ಕೂಗಿದ್ದುದು.

ಗೆದ್ದವಳು ಅಂಕಣದ ಮೇಲೆ ಅಂಗಾತ ಬಿದ್ದಳು. ಸೋತವಳು ಕೈಕುಲುಕಿ, ಮೂಲೆಗೆ ಬಂದು, ಗಂಟೆಯಕ್ಕನ ಕೈಯಿಂದ ಟವೆಲು ತೆಗೆದುಕೊಂಡು ಮುಖ ಹುದುಗಿಸಿದಳು. ಟವೆಲಿನೊಳಗಿಂದಲೇ ಗೊಣಗಿದಳು: "ಆ ಹೆಂಗಸಿನ ದನಿ ಇನ್ಮೇಲೆ ಜನ್ಮದಲ್ಲಿ ಕೇಳೋದು ಬೇಡ ನಂಗೆ."

ಅವಳ ಕೋರಿಕೆ ಆಗಲೇ ಈಡೇರಿತ್ತು. ಗಂಟೆಯಕ್ಕ ಇನ್ನೊಂದು ಒಣ ಟವೆಲು ಅವಳ ಹೆಗಲ ಮೇಲೆ ಹೊದಿಸಿದರು.

ಸೋಮವಾರ ಯಂತ್ರ ಬಿಚ್ಚುತ್ತಿದ್ದಾಗ ಮೇಲ್ವಿಚಾರಕಿ ಕೇಳಿದರು, ಸ್ಪಂಜಿನ ಕೋಣೆಗೆ ಹೊಸ ಹುಡುಗಿ ಬಂದಿದ್ದಾಳೆ, ಇದೇ ಮೊದಲ ಸಲ, ಹೆದರಿದ್ದಾಳೆ, ನೀವೊಮ್ಮೆ ಹೋಗಿ ಧೈರ್ಯ ಹೇಳುತ್ತೀರಾ ಎಂದು. ಮನಸ್ಸಿರಲಿಲ್ಲ, ಆದರೂ ಹೋದರು. ಅಂಪೈರ್ ತರಬೇತಿಯಲ್ಲಿರುವ ಹುಡುಗಿ, ಒಳ್ಳೆಯ ಗಂಟಲು. ಮೈಕಿನ ಮುಂದೆ ಕೂತು ಬೆರಳು ಹಿಸುಕಿಕೊಳ್ಳುತ್ತಿದ್ದಳು. ಗಾಜಿನಾಚೆ ಅಲ್ಲಿನ ತಂತ್ರಜ್ಞ ಎಲ್ಲ ಸಿದ್ಧ ಎಂದು ಹೆಬ್ಬೆರಳೆತ್ತಿದ. ಹುಡುಗಿ ಶಿಸ್ತಾಗಿ ಫೋನು ತೆಗೆದು ಆರಿಸಲು ಹೋದಳು. ಗಂಟೆಯಕ್ಕ ಅವಳ ಕೈ ಹಿಡಿದು ತಡೆದರು, ಸಾಧನವನ್ನು ಕತ್ತಿಗೆ ಒತ್ತಿದರು.

"ಆರಿಸ್ಬೇಡ. ಮನೆಯಿಂದ ಫೋನ್ ಬಂದ್ರೆ ಎತ್ತು. ಎತ್ತಿ ಬಾಯ್ತುಂಬ ಮಾತಾಡು."

ಹುಡುಗಿ ಕಣ್ಣು ಕಣ್ಣು ಬಿಟ್ಟಳು. "ರೆಕಾರ್ಡಿಂಗ್ ನಡೀತಿರುತ್ತಲ್ಲಾ ಅಕ್ಕಾ?"

"ನಡೀಲಿ," ಎಂದರು ಗಂಟೆಯಕ್ಕ. "ಅದಕ್ಕೇ ಹೇಳಿದ್ದು."